ಜಾಸಿ ಬಿಡಲಿಲ್ಲ

೪ ನವೆಂಬರ್, ಬೆಳಿಗ್ಗೆ

ಇವತ್ತೂ ಬಿಡಲಿಲ್ಲ. "ಆವುಸ್!" ಅಂತ ಎರಡು ಸಲ ಕಿರುಚಿದೆ. ತರಬೇತಿಗೆ ಕಳ್ಳನಾಗಿ ನಿಲ್ಲುವ ಅರ್ನಾಲ್ದೋನ ತೋಳಿನ ಕವಚಕ್ಕೆ ಜೋತುಬಿದ್ದೇ ಇದ್ದಳು ನನ್ನ ನಾಯಿ ಜಾಸಿ. ಕೊನೆಗೆ ನಾನೇ ಕೈಹಾಕಿ ಬಾಯಿ ಬಿಡಿಸಿದೆ. ಆಜ್ಞೆಗಳಲ್ಲಿ ಓಡು, ಹಾರು — ಸ್ಪ್ಯಾನಿಷ್. ಕೂರು, ಮಲಗು, ಬಿಡು — ಜರ್ಮನ್; ಬಿಡು ಅಂದರೆ ಆವುಸ್. ಎಲ್ಲ ಕೇಳುತ್ತಾಳೆ, ಈ ಬಿಡು ಒಂದನ್ನು ಬಿಟ್ಟು.

ಕೋಚ್ ದೋನ್ ಎರ್ವಿನ್ ತಣ್ಣನೆ ತೆರೆರೆ ಚಹಾ ಹೀರುತ್ತಾ, "ನಾಯಿ ಕಿವಿ ಸರಿಯಾಗೇ ಇದೆ ಕಣಮ್ಮ. ನಿನ್ನ ದನೀನೇ ನಡುಗುತ್ತೆ" ಅಂದರು.

ಮೈ ಉರಿಯಿತು. ನಿಜ ಹೇಳಿದ್ದಕ್ಕೆ ಇನ್ನೂ ಉರಿಯಿತು.

೭ ನವೆಂಬರ್

ಅಕ್ಕ ನಿಮಿಯಾಗೆ ಮುಂದಿನ ತಿಂಗಳು ಹೆರಿಗೆ. ಅಮ್ಮ ಮಂಡಿಯೋಕ ಗೆಣಸು ಸುಲಿಯುತ್ತಲೇ ತೀರ್ಪು ಕೊಟ್ಟಳು.

"ಕಚ್ಚಿದ್ದನ್ನ ಬಿಡದಿರೋ ನಾಯಿ ಇರೋ ಮನೇಲಿ ಕೂಸು ಮಲಗಿಸಲ್ಲ. ಹದಿನೇಳನೇ ತಾರೀಕು ನಾಯಿಗಳ ಪರೀಕ್ಷೇಲಿ ಪಾಸಾಗ್ಲಿ. ಇಲ್ದಿದ್ರೆ ನಿಮ್ಮ ಮಾವನ ದನದ ದೊಡ್ಡಿಗೆ."

ದೊಡ್ಡಿಯಲ್ಲಿ ಸರಪಳಿ. ಸಾಯುವವರೆಗೂ. ಜಾಸಿ ಕೇಳಿಸಿಕೊಂಡು ಬಾಲ ಅಲ್ಲಾಡಿಸಿದಳು. ಪೆದ್ದಿ. ಅಮ್ಮ ಅವಳನ್ನು ದಿನವಿಡೀ ಬೈಯುವುದು ನಮ್ಮ ಮನೆಮಾತು ಗ್ವಾರಾನಿಯಲ್ಲೇ. ಅಮ್ಮನಿಗೆ ಬರುವುದೂ ಅದೊಂದೇ.

೧೧ ನವೆಂಬರ್

ಧೈರ್ಯ ಮಾಡಿ ಕೋಚನ್ನು ಕೇಳಿದೆ — ಬಿಡು ಅನ್ನೋದನ್ನ ಗ್ವಾರಾನೀಲೇ ಹೇಳ್ಲಾ?

"ಅದು ಅಡುಗೆಮನೆ ಭಾಷೆ. ಮುದ್ದು ಮಾಡೋಕೆ ಇಟ್ಕೋ. ಮೈದಾನದಲ್ಲಿ ನಾಯಿ ಮೆತ್ತಗಾಗುತ್ತೆ" ಅಂದರು ದೋನ್ ಎರ್ವಿನ್.

ಆಯ್ತು ಅಂದುಬಿಟ್ಟೆ. ಹೇಡಿ ನಾನು.

೧೭ ನವೆಂಬರ್, ಭಾನುವಾರ ಸಂಜೆ

ಪರೀಕ್ಷೆ ಮುಗಿಯಿತು. ಬೆಳಗಿನದೆಲ್ಲ ಚೆನ್ನಾಗೇ ಆಯಿತು. ಓಡಿದಳು, ಹಾರಿದಳು. ಜನ ಚಪ್ಪಾಳೆ ತಟ್ಟಿದರು. ಆಮೇಲೆ ಅರ್ನಾಲ್ದೋ ಕೋಲು ಬೀಸುತ್ತಾ ಓಡಿಬಂದ. ಹಿಡಿದಳು. ತೀರ್ಪುಗಾರ ನನ್ನತ್ತ ಕೈ ತೋರಿಸಿದ.

"ಆವುಸ್."

ಇಲ್ಲ. ಮತ್ತೆ ಕೂಗಿದೆ. ಇನ್ನೂ ಬಿಗಿ ಹಿಡಿದಳು. ಕವಚ ತಿರುಚಿಕೊಂಡು ಅರ್ನಾಲ್ದೋ ಮೊಣಕಾಲೂರಿದ. ಅವನ ಮುಖ ಬಿಳಿಚಿತ್ತು. ನನ್ನ ಬಾಯಿಗೆ ಯಾವ ಭಾಷೆಯೂ ಬರಲಿಲ್ಲ...

ಬೇಲಿಯಾಚೆಯಿಂದ ಅಮ್ಮ — "ಎಪೋಯ್! ಬಿಡೇ, ಹಾಳಾದೋಳೇ!"

ಬಿಟ್ಟಳು. ಅಷ್ಟೇ. ಬಿಟ್ಟು ಕೂತಳು, ಅಮ್ಮನ ಕಡೆ ನೋಡುತ್ತಾ. ಕೆಲವರು ನಕ್ಕರು. ಹೊರಗಿನವರು ಆಜ್ಞೆ ಕೊಟ್ಟರೆ ನಿಯಮದ ಪ್ರಕಾರ ಅಲ್ಲಿಗೆ ಮುಗಿಯಿತು. ಅನರ್ಹ. ದೋನ್ ಎರ್ವಿನ್ ಮುಖ ಆಚೆ ತಿರುಗಿಸಿದರು.

ಪಿಕಪ್ ನಾನೇ ಓಡಿಸುತ್ತಿದ್ದೆ, ಪಕ್ಕದಲ್ಲಿ ಅಮ್ಮ, ಹಿಂದೆ ಜಾಸಿ. ದೊಡ್ಡಿಗೆ ತಿರುಗುವ ದಾರಿ ಬಂತು. ಬ್ರೇಕ್ ಒತ್ತಿದೆ.

"ಯಾಕೆ ನಿಲ್ಲಿಸ್ದೆ?" ಅಮ್ಮ.

"ಪಾಸಾಗ್ಲಿಲ್ವಲ್ಲ ಅಮ್ಮ."

"ಫೇಲಾಗಿದ್ದು ನೀನು. ಅವಳು ಹೇಳಿದ್ದು ಕೇಳಿದ್ಲು. ನಡಿ ಮನೆಗೆ. ಕೂಸು ಬರೋದ್ರೊಳಗೆ ನಿನಗೆ ಕಲಿಸ್ತೀನಿ."

ಅತ್ತುಬಿಟ್ಟೆ, ಚಿಕ್ಕ ಮಗುವಿನ ಹಾಗೆ. ಹಿಂದಿನಿಂದ ಲಾರಿಯವನು ಹಾರ್ನ್ ಹೊಡೆದೇ ಹೊಡೆದ.

ಹಿತ್ತಲಿಂದ ಅಮ್ಮ ಕೂಗುತ್ತಿದ್ದಾಳೆ. ಜಾಸಿಯನ್ನಲ್ಲ, ನನ್ನನ್ನು. ಬಂದೆ ಅಂದರೂ ಕೇಳ—