ಹೊಳೆ ದಾಟದ ಕೋಳಿಬುಟ್ಟಿ

ಹೊಳೆಮಾದಾಪುರ, ಕೃಷ್ಣೆಯ ದಂಡೆ
ಫೆಬ್ರವರಿ ಮೂವತ್ತು, ಇಸವಿ ೨೧೯೩

ನನಗಿಂತ ನೂರೈವತ್ತಕ್ಕೂ ಹೆಚ್ಚು ವರ್ಷ ಮೊದಲು ಕೋಳಿ ಸಾಕುತ್ತಿರುವ ಹಿರಿಯರಿಗೆ,

ಈ ತಾರೀಖು ನಿಮ್ಮ ಕ್ಯಾಲೆಂಡರಿನಲ್ಲಿಲ್ಲ. ನಾವು ತಿಂಗಳುಗಳನ್ನು ಸಮ ಮಾಡಿಕೊಂಡಾಗ ಫೆಬ್ರವರಿಗೆ ಇನ್ನಷ್ಟು ದಿನ ಸಿಕ್ಕವು. ನನ್ನ ಮಾತಿನಲ್ಲೂ ನಿಮಗೆ ಗುರುತಿಲ್ಲದ ಪದಗಳು ಬಂದರೆ ಮನ್ನಿಸಿ. ನಿಮ್ಮ ಕಾಲದ ಕನ್ನಡವನ್ನು ನಾನು ಕಲಿತದ್ದು ನಿಮ್ಮ ಪಶುವೈದ್ಯರು ಹಂಚುತ್ತಿದ್ದ ಕರಪತ್ರಗಳಿಂದ. ಅಂಥವು ನೂರ ಹನ್ನೆರಡು ನನ್ನ ಬಳಿ ಇವೆ. ಪ್ರತಿಯೊಂದರ ಕೊನೆಯಲ್ಲೂ ‘ಕೋಳಿ ಸತ್ತರೆ ಕೂಡಲೇ ತಿಳಿಸಿ’ ಎಂದು ದಪ್ಪಕ್ಷರದಲ್ಲಿ ಅಚ್ಚಾಗಿದೆ. ಅನೇಕ ಕರಪತ್ರಗಳ ಮೇಲೆ ಎಣ್ಣೆಯ ಕಲೆ ಇದೆ. ನೀವು ಅವುಗಳಲ್ಲಿ ಚುರುಮುರಿ ಕಟ್ಟಿಕೊಂಡಿರಿ. ಈ ಕಾರಣಕ್ಕೆ ನಿಮ್ಮ ಮೇಲೆ ನನಗೆ ಸಿಟ್ಟಿದೆ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಇಂದು ಬರೆಯುತ್ತಿರುವುದು ಗೆಲುವಿನ ಸುದ್ದಿ.

ನಮ್ಮ ಪ್ರತಿ ಊರಿನಲ್ಲೂ ಒಂದು ನೋಡುಮನೆ ಇದೆ. ಸತ್ತ ಪ್ರಾಣಿಯನ್ನು ಕೊಯ್ದು, ಯಾಕೆ ಸತ್ತಿತೆಂದು ಎಲ್ಲರೆದುರು ತಿಳಿಸುವ ಜಾಗ ಅದು. ಒಂದು ಕಲ್ಲಿನ ಮೇಜು, ಹರಿಯುವ ನೀರು, ಸುತ್ತ ಕೂರಲು ಕಟ್ಟೆ. ಹಾಲು ಹಾಕಿ ಬರುವವರು ಅಲ್ಲಿ ಒಂದು ಗಳಿಗೆ ನಿಂತು, ಯಾರ ಎಮ್ಮೆಗೆ ಕೆಚ್ಚಲಬಾವು, ಯಾರ ಕುರಿಗೆ ಜಂತುಹುಳು ಎಂದು ಕೇಳಿಕೊಂಡೇ ಮನೆಗೆ ಹೋಗುತ್ತಾರೆ. ಮೇಜಿನ ಪಕ್ಕದಲ್ಲಿ ಎಳೆಪಟ್ಟಿ ಇರುತ್ತದೆ. ಒಂದು ಹನಿ ರಕ್ತ ಹಾಕಿದರೆ ಅದರೊಳಗಿನ ರೋಗಾಣುವಿನ ಎಳೆಯನ್ನು ಓದಿ ಹೆಸರು ಹೇಳುವ ಕಾಗದವಿದು, ಆದರೆ ಅರ್ಧ ದಿನ ತೆಗೆದುಕೊಳ್ಳುತ್ತದೆ. ಅಷ್ಟರೊಳಗೆ ತೀರ್ಮಾನಿಸಬೇಕಾದದ್ದನ್ನು ಕಣ್ಣು, ಕೈಗಳೇ ತೀರ್ಮಾನಿಸಬೇಕು. ಈ ಊರಿನ ನೋಡುಮನೆಯ ಕಣ್ಣು, ಕೈ ನಾನು. ನನ್ನ ಹೆಸರು ರುಕ್ಮವ್ವ, ವಯಸ್ಸು ಇಪ್ಪತ್ತಮೂರು.

ಹದಿನೆಂಟು ದಿನಗಳ ಹಿಂದೆ ಬೆಳಿಗ್ಗೆ ಸಂಕವ್ವ ಎಂಬ ಮುದುಕಿ ತಲೆಯ ಮೇಲೆ ಬುಟ್ಟಿ ಹೊತ್ತು, ಕೈಯಲ್ಲಿ ಸತ್ತ ಹುಂಜ ಹಿಡಿದು ಬಂದಳು. ಹೊಳೆಯಾಚೆ ಗಂಡನ ಮನೆಯಲ್ಲಿ ಅವಳ ಮಗಳಿಗೆ ಎರಡನೆಯ ಹೆರಿಗೆಯಾಗಿತ್ತು. ಬಾಣಂತಿಯ ಸಾರಿಗೆ ತವರಿನ ಕೋಳಿಯೇ ಆಗಬೇಕೆಂಬುದು ನಮ್ಮಲ್ಲಿ ಇನ್ನೂ ಉಳಿದಿರುವ ಪದ್ಧತಿ. ಬುಟ್ಟಿಯಲ್ಲಿ ಆರು ಕೋಳಿಗಳು ಚೆನ್ನಾಗಿಯೇ ಇದ್ದವು. ದೋಣಿ ಹೊರಡುವ ಹೊತ್ತು.

ನಾನು ಹುಂಜದ ಕೊರಳು ನೋಡಿದೆ. ಕೊಕ್ಕರೆ ರೋಗದಲ್ಲಿ ಕೊರಳು ತಿರುಚಿಕೊಳ್ಳುತ್ತದೆಂದು ನಿಮ್ಮ ಕರಪತ್ರಗಳ ಚಿತ್ರದಲ್ಲಿ ನೋಡಿದ್ದೆ. ನೀವು ರಾಣಿಖೇತ್ ಎಂದೂ ಕರೆಯುತ್ತಿದ್ದ ಆ ರೋಗ ನಮ್ಮಲ್ಲಿ ನಲವತ್ತೊಂದು ವರ್ಷದಿಂದ ಕಾಣಿಸಿರಲಿಲ್ಲ. ಈ ಹುಂಜದ ಕೊರಳು ನೆಟ್ಟಗಿತ್ತು. ಬಿಸಿಲಿಗೆ ಸತ್ತಿದೆ, ಹೊರಡು ಆಯಿ ಎಂದುಬಿಟ್ಟೆ.

ಸಂಕವ್ವ ಹೊರಡಲಿಲ್ಲ. “ಹೊಟ್ಟಿ ಕೊಯ್ದು ನೋಡಬೇ. ಕೊಳ್ಳ ನೋಡಿ ಹೇಳಾಕ ನೀ ಏನು ಅಕ್ಕಸಾಲಿಗ್ಯಾ?” ಎಂದಳು. ದೋಣಿಯ ದ್ಯಾಮಣ್ಣ ಕಟ್ಟೆಯ ಮೇಲಿಂದ, “ಹೊಟ್ಟಿ ಚಿತ್ರ ಆಕಿ ಪುಸ್ತಕದಾಗ ಇಲ್ಲ ಬಿಡು ಆಯಿ, ಲಗೂನ ದೋಣಿ ಹತ್ತು,” ಎಂದು ನಕ್ಕ. “ಕೂಸಿರೋ ಮನಿಗೆ ಒಯ್ಯಾಕತ್ತೀನಪ್ಪ. ಆ ಓಣ್ಯಾಗ ಮನಿಗೊಂದು ಹಿಂಡು ಕೋಳಿ ಅದಾವು. ಎಲ್ಲಾ ಸತ್ತರ ನನ್ನ ಮಗಳು ಅಲ್ಲಿ ಹೆಂಗ ಬಾಳೇ ಮಾಡ್ಯಾಳು?” ಎಂದು ಸಂಕವ್ವ ಬುಟ್ಟಿ ಇಳಿಸಿ ಅದರ ಪಕ್ಕದಲ್ಲೇ ಕೂತಳು.

ಮುಖ ಬಿಸಿಯಾಗಿ ಕೊಯ್ದೆ. ಕಾಳು ಅರೆಯುವ ಗಟ್ಟಿ ಹೊಟ್ಟೆಗೆ ಮುಂಚೆ ಒಂದು ಸಣ್ಣ ಚೀಲವಿರುತ್ತದೆ. ಅದನ್ನು ಬಿಡಿಸಿದಾಗ ಒಳಗೋಡೆಯ ತುಂಬ ಸಾಸಿವೆಯಷ್ಟು ಸಣ್ಣ ರಕ್ತದ ಚುಕ್ಕೆಗಳು. ದ್ಯಾಮಣ್ಣ ನಗು ನಿಲ್ಲಿಸಿ, ಯಾರೂ ಹೇಳದೆ ಹೋಗಿ ದೋಣಿಯನ್ನು ಗೂಟಕ್ಕೆ ಕಟ್ಟಿದ. ಆ ಚುಕ್ಕೆಗಳು ಕೊಕ್ಕರೆ ರೋಗದ ಗುರುತು; ರೋಗ ತೀವ್ರವಾಗಿದ್ದರೆ ಕೊರಳು ತಿರುಚುವಷ್ಟು ದಿನ ಕೋಳಿ ಬದುಕಿರುವುದೇ ಇಲ್ಲ. ಅದೇ ಕರಪತ್ರದ ಹಿಂಬದಿಯಲ್ಲಿ ಸಣ್ಣಕ್ಷರದಲ್ಲಿ ಈ ಮಾತಿತ್ತು. ನಾನು ಚಿತ್ರಕ್ಕೇ ನಿಂತಿದ್ದೆ. ಸಂಜೆ ಎಳೆಪಟ್ಟಿಯೂ ಕೊಕ್ಕರೆ ರೋಗವೆಂದೇ ಹೇಳಿತು.

ಮುಂದಿನದನ್ನು ಹೆಮ್ಮೆಯಿಂದ ಬರೆಯುತ್ತೇನೆ. ಎಳೆಪಟ್ಟಿಗೆ ಕಾಯದೆ ಮಧ್ಯಾಹ್ನದೊಳಗೆ ಇಪ್ಪತ್ತೆರಡು ಊರುಗಳಿಗೆ ಸುದ್ದಿ ಮುಟ್ಟಿಸಿದೆವು. ಯಾರೂ ಕೋಳಿಗಳನ್ನು ನೆಂಟರ ಮನೆಗೆ ಸಾಗಿಸಲಿಲ್ಲ, ಅಗ್ಗಕ್ಕೆ ಸಂತೆಗೆ ಒಯ್ಯಲಿಲ್ಲ, ಸತ್ತದ್ದನ್ನು ಹೊಳೆಗೆ ಎಸೆಯಲಿಲ್ಲ. ಹೆಂಗಸರು ಕೋಳಿಗಳನ್ನು ಕೂಡಿಹಾಕಿ, ಮೂರು ದಿನದಲ್ಲಿ ಹದಿನಾರು ಸಾವಿರ ಕೋಳಿಗಳ ಕಣ್ಣಿಗೆ ಲಸಿಕೆಯ ಹನಿ ಬಿಟ್ಟರು. ರೋಗ ಪಾರಿವಾಳಗಳಿಂದ ಬಂದಿತ್ತೆಂದು ಆಮೇಲೆ ಪತ್ತೆ ಹಚ್ಚಿದೆವು. ಸತ್ತ ಕೋಳಿಗಳು ಹತ್ತೊಂಬತ್ತು, ಎಲ್ಲವೂ ಸಂಕವ್ವನ ಹಿತ್ತಲಿನವು. ಬುಟ್ಟಿಯ ಆರೂ ಅದರಲ್ಲಿ ಸೇರಿವೆ. ಹೊಳೆಯಾಚೆ ಒಂದೂ ಸಾಯಲಿಲ್ಲ. ಆಚೆ ಓಣಿಯವರು ದಿನಕ್ಕೊಂದು ಮನೆಯಂತೆ ಬಾಣಂತಿಗೆ ತಾವೇ ಕೋಳಿ ಕೊಟ್ಟು, ಇವು ತವರಿನವೇ ಎಂದು ಹೇಳಿಕಳಿಸಿದರು. ಸಂಕವ್ವ ಇವತ್ತು ಬೆಳಿಗ್ಗೆ, ಬಟ್ಟೆ ಕುದಿಸಿ ಒಗೆದು, ಬರಿಗೈಯಲ್ಲಿ ದೋಣಿ ಹತ್ತಿ ಮೊಮ್ಮಗಳನ್ನು ನೋಡಲು ಹೋದಳು.

ಹಿರಿಯರೇ, ನಾವು ನಿಮಗಿಂತ ಜಾಣರೇನಲ್ಲ. ಎಳೆಪಟ್ಟಿ ಇಲ್ಲದೆಯೂ ಆ ಚುಕ್ಕೆಗಳು ಕಾಣುತ್ತವೆ, ಲಸಿಕೆಯ ಹನಿ ನಿಮ್ಮಲ್ಲೂ ಇದೆ. ನಿಮ್ಮಲ್ಲಿ ಇಲ್ಲದ್ದು, ಸತ್ತ ಕೋಳಿಯನ್ನು ಹಿಡಿದುಕೊಂಡು ಹಗಲಿನಲ್ಲಿ ನಾಲ್ಕು ಜನರ ಎದುರು ನಡೆದುಬರುವ ಹೆಂಗಸು. ನಿಮ್ಮಲ್ಲಿ ಅವಳನ್ನು ಕಂಡರೆ ಊರು ಬಾಗಿಲು ಹಾಕಿಕೊಳ್ಳುತ್ತದೆ, ಅವಳ ಹಿತ್ತಲನ್ನು ದೂರುತ್ತದೆ. ಅದಕ್ಕೇ ಅವಳು ಮುಚ್ಚಿಡುತ್ತಾಳೆ. ನನ್ನ ಬೇಡಿಕೆ ಇಷ್ಟೆ: ನಾಳೆ ನಿಮ್ಮ ಊರಿನಲ್ಲಿ ಒಬ್ಬಳು ಹಾಗೆ ಬಂದರೆ ದಾರಿ ಬಿಡಿ, ಕೂರಲು ಜಾಗ ಕೊಡಿ, ಡಾಕ್ಟರನ್ನು ಕರೆಸಿ, ಕೊಯ್ಯುವವರೆಗೂ ಅವಳ ಜೊತೆ ನಿಲ್ಲಿ.

ಇಂತು,
ರುಕ್ಮವ್ವ