ಬುಧವಾರ ಹನ್ನೊಂದಕ್ಕೆ ನನ್ನ ಅಂಗಡಿಯಲ್ಲಿ ಬಡಿದುಕೊಳ್ಳುವ ನಿಮ್ಮ ಫೋನು

ಸಾರ್ವಜನಿಕ ಪ್ರಸಾರ ಸಂಸ್ಥೆಯ ಮಹಾನಿರ್ದೇಶಕರಿಗೆ,

ಮಾನ್ಯರೇ,

ನಿಮ್ಮ ಸಂಸ್ಥೆಗೆ ಸೇರಿದ ಒಂದು ವಸ್ತು ನನ್ನ ಹೊಲಿಗೆ ಅಂಗಡಿಗೆ ಬಂದು ಬಿದ್ದಿದೆ. ಅದು ನಿಮ್ಮ ‘ಡಾಕ್ಟರೊಂದಿಗೆ ಮಾತುಕತೆ’ ಕಾರ್ಯಕ್ರಮದ ಟೆಲಿಫೋನ್ ನಂಬರು. ಪ್ರತಿ ಬುಧವಾರ ಬೆಳಿಗ್ಗೆ ಹನ್ನೊಂದಕ್ಕೆ ಬಡಿದುಕೊಳ್ಳಲು ಶುರುವಾದರೆ ಊಟದ ಹೊತ್ತಿನವರೆಗೂ ಅದಕ್ಕೆ ಬಿಡುವಿಲ್ಲ. ಆ ಕಡೆಯವರಿಗೆ ಜ್ವರ, ಎದೆನೋವು, ಬಸುರಿ ಮಗಳ ವಾಂತಿ. ಈ ಕಡೆ ಇರುವವಳು ನಾನು, ಕುತ್ತಿಗೆಗೆ ಅಳತೆಪಟ್ಟಿ ಹಾಕಿಕೊಂಡ ದರ್ಜಿ. ದಯವಿಟ್ಟು ಬಂದು ನಿಮ್ಮ ವಸ್ತುವನ್ನು ತೆಗೆದುಕೊಂಡು ಹೋಗಿ.

ಇದು ಹೇಗಾಯಿತೆಂದು ನಿಮಗೆ ತಿಳಿಯದೇ ಇರಬಹುದು. ನಿಮ್ಮ ಕಚೇರಿಯಲ್ಲಿ ಯಾರಿಗೂ ತಿಳಿದಂತೆ ಕಾಣಲಿಲ್ಲ. ಆರ್ಥಿಕ ಹಿಂಜರಿತ ಬಂತು, ನೀವು ಖರ್ಚಿಗೆ ಕತ್ತರಿ ಹಾಕಿದಿರಿ. ಡಾಕ್ಟರನ್ನು ಕರೆಸುವುದು ನಿಂತಿತು. ಹಳೆಯ ಕಾರ್ಯಕ್ರಮಗಳ ಧ್ವನಿಮುದ್ರಣವನ್ನೇ ಅದೇ ಹೆಸರಿನಲ್ಲಿ, ಅದೇ ಹೊತ್ತಿಗೆ, ಹಳೆಯದು ಎಂಬ ಒಂದು ಮಾತೂ ಇಲ್ಲದೆ ಹಾಕತೊಡಗಿದಿರಿ. ಯಾರೂ ಎತ್ತದ ಫೋನಿಗೆ ಬಾಡಿಗೆ ಏಕೆಂದು ನಂಬರನ್ನೂ ಹಿಂದಿರುಗಿಸಿದಿರಿ. ದೂರವಾಣಿಯವರು ಅದನ್ನು ಹೊಸದಾಗಿ ಅರ್ಜಿ ಹಾಕಿದ್ದ ನನಗೆ ಕೊಟ್ಟರು. ಆದರೆ ಧ್ವನಿಮುದ್ರಣದೊಳಗಿನ ನಿಮ್ಮ ಉದ್ಘೋಷಕಿಗೆ ಇದ್ಯಾವುದೂ ಗೊತ್ತಿಲ್ಲವಲ್ಲ. ಆಕೆ ಇಂದಿಗೂ “ಕೇಳುಗರೇ, ನಮ್ಮ ದೂರವಾಣಿ ಸಂಖ್ಯೆ ಬರೆದುಕೊಳ್ಳಿ” ಎಂದು ನನ್ನ ಅಂಗಡಿಯ ನಂಬರನ್ನು ನಿಧಾನವಾಗಿ ಎರಡೆರಡು ಸಲ ಓದುತ್ತಾಳೆ. ಇಷ್ಟೊಂದು ಪುಕ್ಕಟೆ ಜಾಹೀರಾತು ನನಗೆ ಈ ಜನ್ಮದಲ್ಲಿ ಸಿಕ್ಕಿರಲಿಲ್ಲ.

ಹಿಂಜರಿತ ಎಂದರೇನೆಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನಮ್ಮೂರಿನ ಗಿರಣಿ ಬಾಗಿಲು ಹಾಕಿದಾಗಿನಿಂದ ಹೊಸ ಬಟ್ಟೆ ಹೊಲಿಸುವವರು ಅಪರೂಪ. ಬರುವುದೆಲ್ಲ ಅಪ್ಪನ ಪ್ಯಾಂಟನ್ನು ಮಗನ ಅಳತೆಗೆ ಇಳಿಸುವ ಕೆಲಸ, ಸವೆದ ಕಾಲರನ್ನು ಬಿಚ್ಚಿ ತಿರುಗಿಸಿ ಹೊಲಿಯುವ ಕೆಲಸ. ಜೊತೆಗಿದ್ದ ಹೆಂಗಸರನ್ನು ಒಲ್ಲದ ಮನಸ್ಸಿನಿಂದ ಕೆಲಸ ಬಿಡಿಸಿ, ಈಗ ನಾನು ಮತ್ತು ನನ್ನ ಅತ್ತೆ ಇಬ್ಬರೇ ಇದ್ದೇವೆ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು, ಒಪ್ಪಿದೆ. ಹಳೆಯದನ್ನು ತಿರುಗಿಸಿ ಹೊಲಿಯುವುದು ತಪ್ಪೆಂದು ನಾನು ಯಾವ ಬಾಯಲ್ಲಿ ಹೇಳಲಿ, ಅದೇ ನನ್ನ ಅನ್ನ. ಆದರೆ ತಿರುಗಿಸಿ ಹೊಲಿದ ಅಂಗಿಯನ್ನು ಹೊಸದೆಂದು ಹೇಳಿ ನಾನು ಯಾರಿಗೂ ಕೊಟ್ಟಿಲ್ಲ. ನೀವು ವಾರವಾರವೂ ಕೊಡುತ್ತಿದ್ದೀರಿ, ಅದೂ ಕಾಯಿಲೆಯವರಿಗೆ.

ಮೊದಮೊದಲು ನಾವು ರಾಂಗ್ ನಂಬರ್ ಎಂದು ಇಟ್ಟುಬಿಡುತ್ತಿದ್ದೆವು. ಅವರು ಮತ್ತೆ ಮಾಡುತ್ತಿದ್ದರು. ರೇಡಿಯೋದವರೇ ಹೇಳಿದ ನಂಬರು ತಪ್ಪಾಗುವುದುಂಟೇ? ಗುಂಡಿ ಹಾಕುತ್ತಾ ಫೋನಿನ ಪಕ್ಕದಲ್ಲೇ ಕೂರುವ ನನ್ನ ಅತ್ತೆ ಸೋತು ಸುಣ್ಣವಾದರು.

“ಇದು ಟೈಲರ್ ಅಂಗಡಿ ಕಣಪ್ಪ.”

“ಸರಿ ಬಿಡಿ ಅಮ್ಮ, ಡಾಕ್ಟ್ರಿಗೆ ಕೊಡಿ.”

“ಡಾಕ್ಟ್ರು ಇಲ್ಲಿಲ್ಲ.”

“ಈಗ ತಾನೇ ಮಾತಾಡ್ತಿದ್ದಾರಲ್ಲಮ್ಮ, ನಮ್ಮನೇಲಿ ಚೆನ್ನಾಗೇ ಕೇಳಿಸ್ತಿದೆ.”

ನಿಜ ಹೇಳಬೇಕೆಂದರೆ ನಮ್ಮ ಅಂಗಡಿಯ ರೇಡಿಯೋದಲ್ಲೂ ಚೆನ್ನಾಗಿಯೇ ಕೇಳಿಸುತ್ತಿತ್ತು.

ಇಷ್ಟಕ್ಕೇ ಮುಗಿದಿದ್ದರೆ ನಾನು ಈ ಪತ್ರ ಬರೆಯದೆ ಹಲ್ಲು ಕಚ್ಚಿಕೊಂಡು ಇರುತ್ತಿದ್ದೆ. ಆದರೆ ನಿಮಗೆ ಇನ್ನೊಂದು ಉಳಿತಾಯ ಹೊಳೆಯಿತು. ಒಂದು ಗಂಟೆಯ ಕಾರ್ಯಕ್ರಮವನ್ನು ಅರ್ಧ ಗಂಟೆಗೆ ಇಳಿಸಿದಿರಿ. ಹೇಗೆ? ಫೋನು ಮಾಡಿದ ಕೇಳುಗರ ಮಾತನ್ನೆಲ್ಲ ಕತ್ತರಿಸಿ, ಡಾಕ್ಟರ ಮಾತನ್ನು ಮಾತ್ರ ಉಳಿಸಿಕೊಂಡು. ಡಾಕ್ಟರು ಏನೋ ಕೇಳುತ್ತಾರೆ, ಒಂದು ಕ್ಷಣ ಮೌನ, ಮತ್ತೆ ಡಾಕ್ಟರದೇ ದನಿ. ಜನರ ಮಾತು ದಂಡ, ನಮ್ಮವರ ಉತ್ತರವಿದ್ದರೆ ಸಾಕು ಎಂಬ ಈ ಪದ್ಧತಿ ಸರ್ಕಾರಿ ಕಚೇರಿಗಳಲ್ಲಿ ಬಹುಕಾಲದಿಂದ ಇದೆ. ರೇಡಿಯೋಗೆ ಬಂದದ್ದು ಇದೇ ಮೊದಲಿರಬೇಕು.

ಕಳೆದ ತಿಂಗಳ ಒಂದು ಬುಧವಾರ ಒಬ್ಬ ತಾಯಿ ಫೋನು ಮಾಡಿದಳು. ಗಿರಣಿಯಲ್ಲಿ ಕೆಲಸ ಕಳೆದುಕೊಂಡವನ ಹೆಂಡತಿ. ಗಿರಣಿಯ ಜೊತೆಗೇ ಅದರ ದವಾಖಾನೆಯೂ ಮುಚ್ಚಿಹೋಗಿತ್ತು. ಗಂಡ ಕೆಲಸ ಹುಡುಕಿಕೊಂಡು ಪರ ಊರಿಗೆ ಹೋಗಿದ್ದ. ಪುಟ್ಟ ಮಗಳಿಗೆ ಕಿವಿನೋವು. ಅತ್ತೆ ಎಂದಿನಂತೆ ರಾಂಗ್ ನಂಬರ್ ಎಂದು ಹೇಳಲು ಹೋದರು. ಆಕೆಯ ದನಿಯಲ್ಲಿನ ಗಾಬರಿ ಕೇಳಿ, “ಸ್ವಲ್ಪ ಇರಮ್ಮ, ಸೊಸೇನ ಕರೀತೀನಿ” ಎಂದರು. ನಾನು ಒಳಗೆ ಗಿರಾಕಿಯ ಅಳತೆ ತೆಗೆಯುತ್ತಿದ್ದೆ. ಅಷ್ಟರಲ್ಲಿ ರೇಡಿಯೋದಲ್ಲಿ ಡಾಕ್ಟರು ಮಾತಾಡಿದರು.

“ಮಗೂಗೆ ಕಿವಿ ನೋವು ಅಂದ್ರಲ್ಲ ತಾಯಿ, ಕಿವಿಯಿಂದ ಏನಾದ್ರೂ ಸೋರ್ತಾ ಇದೆಯಾ?”

ಎಂದೋ, ಯಾವುದೋ ಬೇರೆ ತಾಯಿಗೆ ಕೇಳಿದ ಪ್ರಶ್ನೆ. ತನ್ನ ಮನೆಯ ರೇಡಿಯೋದಲ್ಲಿ ಅದನ್ನು ಕೇಳಿಸಿಕೊಂಡ ಈಕೆ ತನಗೇ ಎಂದುಕೊಂಡಳು. ನನ್ನ ಅತ್ತೆಯ ಕಿವಿಗೇ ಉತ್ತರ ಕೊಟ್ಟಳು: “ಸೋರ್ತಾ ಇದೆ ಡಾಕ್ಟ್ರೇ, ನಿನ್ನೆಯಿಂದ, ಹಳದಿಯಾಗಿ.”

“ಒಳ್ಳೇದು” ಎಂದರು ರೇಡಿಯೋದ ಡಾಕ್ಟರು. “ಹಾಗಾದ್ರೆ ಗಾಬರಿ ಏನಿಲ್ಲ. ಒಂದು ವಾರ ನೋಡಿ.”

“ನಿಮ್ಮಿಂದ ದೊಡ್ಡ ಉಪಕಾರ ಆಯ್ತು ಡಾಕ್ಟ್ರೇ” ಎಂದು ಆಕೆ ಫೋನು ಇಟ್ಟಳು. ನಾನು ಬರುವ ಹೊತ್ತಿಗೆ ಅತ್ತೆ ರಿಸೀವರ್ ಹಿಡಿದುಕೊಂಡು ಪೆಚ್ಚಾಗಿ ಕೂತಿದ್ದರು. ತಿರುಗಿ ಮಾಡೋಣವೆಂದರೆ ನಮ್ಮ ಫೋನಿನಲ್ಲಿ ಮಾಡಿದವರ ನಂಬರು ಕಾಣುವುದಿಲ್ಲ.

ಆಕೆ ಹೇಳಿದಂತೆ ಕೇಳಿದಳು. ಒಂದು ವಾರ ನೋಡಿದಳು. ಮುಂದಿನ ಬುಧವಾರ ಮತ್ತೆ ಅದೇ ದನಿ: “ವಾರ ಆಯ್ತು ಡಾಕ್ಟ್ರೇ, ಎಡಗಡೆಯಿಂದ ಕರೆದ್ರೆ ಮಗು ತಿರುಗ್ತಾ ಇಲ್ಲ.” ಈ ಸಲ ಫೋನು ನಾನೇ ಎತ್ತಿದ್ದೆ. ಇದು ಹೊಲಿಗೆ ಅಂಗಡಿ, ಬಸ್ ನಿಲ್ದಾಣದ ಹಿಂದೆ ಇದೆ, ಇಲ್ಲಿ ಡಾಕ್ಟರಿಲ್ಲ, ಈಗಲೇ ದೊಡ್ಡಾಸ್ಪತ್ರೆಗೆ ಓಡು ಎಂದು ಕೂಗಿ ಹೇಳಿದೆ. ಓಡಿದಳು. ಮಗು ಉಳಿಯಿತು. ಆದರೆ ಎಡಗಿವಿ ಇನ್ನು ಮೊದಲಿನಂತೆ ಕೇಳುವುದು ಅನುಮಾನ ಎಂದು ಆಸ್ಪತ್ರೆಯವರು ಹೇಳಿದರಂತೆ, ಒಂದು ವಾರ ಮೊದಲೇ ಏಕೆ ಬರಲಿಲ್ಲ ಎಂದು ಬೈದರಂತೆ.

ಆಸ್ಪತ್ರೆಯಿಂದ ಬಿಟ್ಟ ದಿನ ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು ಆಕೆ ನಮ್ಮ ಅಂಗಡಿಗೆ ಬಂದಳು. ಹೊಲಿಗೆ ಯಂತ್ರ, ಇಸ್ತ್ರಿ ಪೆಟ್ಟಿಗೆ, ಚೂರುಬಟ್ಟೆಯ ರಾಶಿ, ಎಲ್ಲವನ್ನೂ ನೋಡಿದಳು. ನಾನು ನಡೆದದ್ದನ್ನೆಲ್ಲ ಬಿಡಿಸಿ ಹೇಳಿದೆ. ಬೈಯುತ್ತಾಳೆ ಎಂದುಕೊಂಡಿದ್ದೆ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

“ಅವರು ಕೇಳಿದ್ರು ಅಕ್ಕ, ನಾನು ಹೇಳ್ದೆ” ಎಂದಳು. “ನಾನು ಹೇಳಿದ್ದು ಯಾರಿಗೂ ಕೇಳಿಸ್ಲೇ ಇಲ್ವಾ?”

ಮೂಲೆಯಲ್ಲಿದ್ದ ಅತ್ತೆ ಸೆರಗಿನಿಂದ ಮುಖ ಮುಚ್ಚಿಕೊಂಡರು. ಕೇಳಿಸಿದ್ದು ಅವರೊಬ್ಬರಿಗೇ.

ಇದು ಡಾಕ್ಟರ ತಪ್ಪಲ್ಲ. ಅಂದು ಅವರಿಗೆ ‘ಇಲ್ಲ, ಸೋರುತ್ತಿಲ್ಲ’ ಎಂಬ ಉತ್ತರ ಸಿಕ್ಕಿರಬೇಕು, ಅದಕ್ಕೇ ಒಳ್ಳೆಯದು ಎಂದರು. ಆ ‘ಇಲ್ಲ’ವನ್ನು ಕತ್ತರಿಸಿ ಎಸೆದವರು ನೀವು. ಇದನ್ನು ಹೇಳಲು ಅಂಗಡಿ ಮುಚ್ಚಿ ನಿಮ್ಮ ಕಟ್ಟಡಕ್ಕೆ ಬಂದೆ. ವಿದ್ಯುತ್ ಉಳಿಸಲು ಮೆಟ್ಟಿಲ ದೀಪಗಳನ್ನು ಆರಿಸಿದ್ದೀರಿ, ತಡವರಿಸಿಕೊಂಡೇ ಹತ್ತಿದೆ. ನಿಮ್ಮ ಆಪ್ತ ಸಹಾಯಕರು ಕೂರಿಸಿ ನೀರು ಕೊಟ್ಟರು. ಒಳ್ಳೆಯವರು. “ಕಾರ್ಯಕ್ರಮ ನಿಂತಿದೆ ಅಂತ ಯಾರಮ್ಮ ಹೇಳಿದ್ದು? ವಾರವಾರ ಬರ್ತಿದೆಯಲ್ಲ” ಎಂದರು. ನಿಲ್ಲಿಸಿ ಎನ್ನಲೆಂದೇ ನಾನು ಬಂದಿರುವುದು ಎಂದೆ. “ನಿಲ್ಲಿಸೋದು ಕಷ್ಟ. ಒಂದೇ ಒಂದು ಕಾರ್ಯಕ್ರಮಾನೂ ನಿಲ್ಲಿಸಿಲ್ಲ ಅಂತ ಸಾಹೇಬ್ರು ಮೊನ್ನೆ ತಾನೇ ಭಾಷಣ ಮಾಡಿದ್ದಾರೆ. ಆದ್ರೂ ನೋಡೋಣ” ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟರು. ನಿಮ್ಮ ಭಾಷಣ ನಾನೂ ಕೇಳಿದ್ದೆ. ಅದು ಈಗಿನದೋ, ಹಳೆಯ ಧ್ವನಿಮುದ್ರಣವೋ?

ನಂಬರು ಬದಲಿಸಿಕೊಡುತ್ತೇವೆ ಎಂದು ದೂರವಾಣಿಯವರು ನನಗೆ ಹೇಳಿದ್ದಾರೆ. ಬದಲಿಸಿಕೊಂಡು ನೆಮ್ಮದಿಯಾಗಿ ಕಾಲರು ತಿರುಗಿಸಬಹುದು. ಆದರೆ ಆಮೇಲೆ ಬುಧವಾರ ಆ ಫೋನು ಎಲ್ಲಿ ಬಡಿದುಕೊಳ್ಳುತ್ತದೆ? ಯಾರೂ ಇಲ್ಲದ ಕಡೆ ಬಡಿದುಕೊಂಡರೆ ಓಡು ಎಂದು ಹೇಳುವವರೂ ಇರುವುದಿಲ್ಲ. ಹಾಗಾಗಿ ಬೈದುಕೊಂಡೇ ಇಟ್ಟುಕೊಂಡಿದ್ದೇನೆ.

ನಾನು ಕೇಳುವುದು ದೊಡ್ಡದೇನಲ್ಲ. ಫೋನಿನ ಈ ತುದಿಯಲ್ಲಿ ಜೀವವಿರುವ ಒಬ್ಬರನ್ನು ಕೂರಿಸಿ, ನರ್ಸಾದರೂ ಸರಿ. ಅದಕ್ಕೂ ಹಣವಿಲ್ಲವೆಂದರೆ ಆ ಕಾರ್ಯಕ್ರಮವನ್ನು ನಿಲ್ಲಿಸಿ, ಆ ಹೊತ್ತಿಗೆ ಸಂಗೀತ ಹಾಕಿ, ಡಾಕ್ಟರಿಲ್ಲ ಎಂದು ಬಾಯಿಬಿಟ್ಟು ಹೇಳಿ. ಬಡತನ ಹೇಳಿಕೊಳ್ಳಲು ಇಲ್ಲಿ ಯಾರೂ ನಾಚುತ್ತಿಲ್ಲ, ನಿಮಗೊಬ್ಬರಿಗೇ ಏಕೆ ನಾಚಿಕೆ? ಮುಂದಿನ ಬುಧವಾರದೊಳಗೆ ಎರಡರಲ್ಲಿ ಒಂದಾಗಬೇಕು. ಆಗದಿದ್ದರೆ ಹನ್ನೊಂದಕ್ಕೆ ನೀವೇ ಬಂದು ನನ್ನ ಸ್ಟೂಲಿನ ಮೇಲೆ ಕೂತು ಫೋನು ಎತ್ತಿ.

ಬರುವುದಾದರೆ ಅತ್ತೆಯಿಂದ ಕೆಲಸ ಕಲಿತುಕೊಳ್ಳಿ. ಆ ತಾಯಿ ಬಂದು ಹೋದ ಮೇಲೆ ಅವರು ರಾಂಗ್ ನಂಬರ್ ಎನ್ನುವುದನ್ನು ಬಿಟ್ಟಿದ್ದಾರೆ. ನಲವತ್ತು ವರ್ಷ ನಿಮ್ಮ ರೇಡಿಯೋ ಹಚ್ಚಿಕೊಂಡೇ ಗುಂಡಿ ಹಾಕಿದವರು, ಈಗ ಫೋನು ಎತ್ತಿದ ಕೂಡಲೇ ಎಲ್ಲರಿಗೂ ಒಂದೇ ಮಾತು ಹೇಳುತ್ತಾರೆ: “ಮೊದಲು ನಿಮ್ಮ ರೇಡಿಯೋ ಆರಿಸಿ. ಈಗ ಹೇಳಿ, ನಾನು ಕೇಳ್ತಾ ಇದೀನಿ.”

ಇಂತಿ,
ನಿಮ್ಮ ನಂಬರಿನಲ್ಲೇ ಸಿಗುವ,
ಡಾಕ್ಟರಲ್ಲದ ದರ್ಜಿ