ಜಿಜಾ ನಿಂತ ಜಾಗ

ಫೆಬ್ರುವರಿ 11, 2019, ಸೋಮವಾರ

ಆಸ್ಪತ್ರೆಯ ನೈಟ್ ಡ್ಯೂಟಿ ಮುಗಿಸಿ ಬಂದು ಚಪ್ಪಲಿ ಬಿಡುವಷ್ಟರಲ್ಲಿ ಟ್ಯಾಂಕರ್ ಹಾರನ್. ಮಲಗುವ ಯೋಗ ಎಲ್ಲಿದೆ. ಜಿಜಾ ಆಗಲೇ ಕೊಡ ತೆಗೆದುಕೊಂಡು ಓಡಿದ್ದಳು. ಅಣ್ಣ ಪಂಢರಿ ಎಕಂಬಾದ ಮನೆಗೆ ಬೀಗ ಜಡಿದು, ಹೆಂಡತಿ ಮತ್ತು ಸಣ್ಣ ಮಗನ ಜೊತೆ ಪುಣೆಗೆ ಕಟ್ಟಡದ ಕೆಲಸಕ್ಕೆ ಹೋಗುವಾಗ ತನ್ನ ಈ ಮಗಳನ್ನು ನನ್ನ ಹತ್ತಿರ ಬಿಟ್ಟದ್ದು ಪಿಯುಸಿ ಓದಲಿ ಎಂದು. ಓದುವುದು ಅಷ್ಟಕ್ಕಷ್ಟೇ. ನೀರಿನ ಸಾಲಿನಲ್ಲಿ ಮಾತ್ರ ಫಸ್ಟ್ ಕ್ಲಾಸ್.

ಇವತ್ತು ಅದೇ ಎಡವಟ್ಟಾಯಿತು. ಪಕ್ಕದ ಮನೆ ಮರಿಯಮಬೀ ಹಿಂದಿನಿಂದ ನೂಕಿದಳು. ಇವಳು ಸರಿಯಲಿಲ್ಲ. ಇನ್ನೊಮ್ಮೆ ನೂಕಿದಳು. ಇವಳು ತಿರುಗಿಯೂ ನೋಡಲಿಲ್ಲ, ಕಾಲು ಅಗಲಿಸಿ ಸೊಂಟ ಬಿಗಿಹಿಡಿದು ನಿಂತೇ ಇದ್ದಳು. ನೂಕಿದವಳೇ ಜಾರಿ ಬಿದ್ದಳು. ಕೈಯಲ್ಲಿದ್ದ ತಾಮ್ರದ ಕೊಡ ಕಲ್ಲಿಗೆ ತಾಗಿ ತಗ್ಗು ಬಿತ್ತು. ಮದುವೆಯಲ್ಲಿ ತವರಿನವರು ಕೊಟ್ಟ ಕೊಡ ಅಂತೆ. ಗಲ್ಲಿ ತುಂಬ ಕೇಳುವ ಹಾಗೆ ಬೈದಳು — ಹಳ್ಳಿ ಎಮ್ಮಿ, ಸರಿ ಅಂದರ ಸರಿಯಂಗಿಲ್ಲ.

ಎಮ್ಮೆಯನ್ನು ನೂಕಲು ಹೋದವರಿಗೆ ಬುದ್ಧಿ ಬೇಡವೇ ಎಂದೆ. ಅಲ್ಲಿಗೆ ಮುಗಿಯಿತು, ಎರಡೂ ಮನೆಯ ಬಾಗಿಲು ಧಡಾರನೆ ಬಿದ್ದವು. ಜಿಜಾಗೂ ಬೈದೆ. ಗೋಡೆಯಾಗಿ ನಿಲ್ಲುವುದನ್ನು ಯಾರು ಕಲಿಸಿದರು ನಿನಗೆ ಎಂದೆ. ನಕ್ಕಳು. ತಲೆ ಕೆಟ್ಟುಹೋಯಿತು.

ಫೆಬ್ರುವರಿ 20

ಮಧ್ಯಾಹ್ನ ಸ್ಕೇಟಿಂಗ್ ಕಲಿಸುವ ದತ್ತಾತ್ರಿ ಸರ್ ಪೇಡೆ ಹಿಡಿದುಕೊಂಡು ಮನೆಗೇ ಬಂದರು. ಜಿಜಾ ಇಂಡಿಯಾ ಟೀಮಿಗೆ ಸೆಲೆಕ್ಟ್. ಏಷ್ಯಾದ ಹುಡುಗಿಯರ ಐಸ್ ಹಾಕಿ ಚಾಂಪಿಯನ್‌ಶಿಪ್, ಹದಿನೆಂಟರ ಒಳಗಿನವರದು. ಏಪ್ರಿಲ್‌ನಲ್ಲಿ, ಅಬುಧಾಬಿಯಲ್ಲಿ.

ಇನ್ನೂ ನಂಬಿಕೆ ಬರುತ್ತಿಲ್ಲ. ಬೀದರಿನಲ್ಲಿ ಐಸ್ ಎಂದರೆ ಕಬ್ಬಿನ ಹಾಲಿನ ಗಾಡಿಯದ್ದು. ಈ ಹುಡುಗಿ ಸ್ಟೇಡಿಯಂನ ಸಿಮೆಂಟ್ ಕೋರ್ಟಿನಲ್ಲಿ ಗಾಲಿ ಬೂಟು ಹಾಕಿ ಕಲಿತವಳು. ಜನವರಿಯಲ್ಲಿ ಸರ್ ಲಡಾಖಿನ ಕ್ಯಾಂಪಿಗೆ ಕರೆದುಕೊಂಡು ಹೋಗಿದ್ದರು, ನಾನು ಚಳಿ ನೋಡಿ ಬರಲಿ ಎಂದು ಕಳಿಸಿದ್ದೆ ಅಷ್ಟೇ.

ಸರ್ ಸುಳ್ಳು ಹೇಳುವವರಲ್ಲ. ಪೇಡೆ ಕೈಗಿಟ್ಟೇ ಹೇಳಿದರು — “ಟೀಮಿನ್ಯಾಗ ಇಪ್ಪತ್ತನೇದಾಕಿ ಇದ್ದಾಳ್ರಿ. ಓಡೋದ್ರಾಗ ಎಲ್ಲಾರಕಿಂತ ಹಿಂದ. ಆದರ ಬೀಳಂಗಿಲ್ರಿ.”

ಇದನ್ನು ಹೊಗಳಿಕೆ ಎನ್ನಬೇಕೋ ಏನು ಎನ್ನಬೇಕೋ.

ಸಂಜೆ ಪಂಢರಿಗೆ ಫೋನ್. ಅವನದು ಒಂದೇ ಪ್ರಶ್ನೆ — “ಆಡಸ್ತಾರೋ, ಬರೇ ಕೂಡಸ್ತಾರೋ?” ನನಗೇನು ಗೊತ್ತು. ಪುಣೆಯಲ್ಲಿ ಸಣ್ಣವನನ್ನು ನೋಡಿಕೊಳ್ಳುವವರಿಲ್ಲ, ಅತ್ತಿಗೆಯ ಕೂಲಿ ತಪ್ಪುತ್ತಿದೆ ಎಂದ. ಹೋಗಿ ಬರಲಿ. ಆಡಿ ಬಂದರೆ ಬೀದರಿನಲ್ಲೇ ಇರಲಿ, ಓದಲಿ, ಸ್ಕೇಟಿಂಗ್ ಮಾಡಲಿ. ಬರೀ ಕೂತು ಬಂದರೆ ಇದೆಲ್ಲ ಸಾಕು, ಪುಣೆಗೆ ಬಂದು ಮನೆ ಹಿಡಿಯಲಿ. ಜಿಜಾ ಪಕ್ಕದಲ್ಲೇ ನಿಂತು ಎಲ್ಲ ಕೇಳಿಸಿಕೊಂಡಳು. ಹೂಂ ಅಂದಳು. ಪೇಡೆ ತಿನ್ನಲಿಲ್ಲ.

ಏಪ್ರಿಲ್ 17

ಇಷ್ಟು ದಿನ ಒಂದಕ್ಷರ ಬರೆದಿಲ್ಲ. ಬೇಸಿಗೆ ಬಂತೆಂದರೆ ವಾರ್ಡಿನಲ್ಲಿ ವಾಂತಿ-ಭೇದಿ ಕೇಸು, ಮನೆಯಲ್ಲಿ ಖಾಲಿ ಡ್ರಮ್ಮು. ಟ್ಯಾಂಕರ್ ಈಗ ವಾರಕ್ಕೊಮ್ಮೆ. ಮರಿಯಮಬೀ ಜೊತೆ ಮಾತಿಲ್ಲ ಕತೆಯಿಲ್ಲ. ನನ್ನನ್ನು ಕಂಡರೆ ಸೆರಗು ಸರಿಪಡಿಸಿಕೊಂಡು ಆ ಕಡೆ ನೋಡುತ್ತಾಳೆ. ನಾನೇನು ಕಡಿಮೆಯೇ.

ಮೊನ್ನೆ ಸೋಮವಾರ ಜಿಜಾ ಹೋದಳು. ಹಿಂದಿನ ದಿನ ಬಾಬಾಸಾಹೇಬರ ಜಯಂತಿ. ಮೆರವಣಿಗೆಯಲ್ಲಿ ನೀಲಿ ಗುಲಾಲು ಬಳಿದುಕೊಂಡು ಕುಣಿದು, ಅದೇ ಬಣ್ಣದ ಕಿವಿಯಲ್ಲೇ ಹೈದರಾಬಾದಿನ ಬಸ್ಸು ಹತ್ತಿದಳು. ತೊಳಕೋ ಎಂದರೆ ನೀರಿಲ್ಲವಲ್ಲ ಅತ್ತಿ ಎಂದಳು.

ಮನೆ ಭಣಭಣ. ಹೇಳಬಾರದು, ಆದರೂ ಹೇಳುತ್ತೇನೆ — ಆ ಹುಡುಗಿ ಇಲ್ಲದೆ ನನಗೆ ಊಟ ಸೇರುತ್ತಿಲ್ಲ. ಪುಣೆಗೆ ಹೋದರೆ ನಾನು ಹೇಗಿರಲಿ.

ಏಪ್ರಿಲ್ 21, ರವಿವಾರ

ಫೋನ್ ಬಂತು. ಮೊದಲ ಮ್ಯಾಚ್ ಸೋತರು. ಜಿಜಾ ಬೆಂಚಿನ ಮೇಲೆ.

ಏಪ್ರಿಲ್ 22

ಗೆದ್ದರು. ಜಿಜಾ ಬೆಂಚಿನ ಮೇಲೆ. ಫೋನಿನಲ್ಲಿ ಅಳು. ಉಳಿದ ಹುಡುಗಿಯರು ನಡೆಯುವ ಮೊದಲೇ ಜಾರಿ ಕಲಿತವರಂತೆ, ಇವಳು ಒಂದು ಸುತ್ತು ಹಾಕುವಷ್ಟರಲ್ಲಿ ಅವರದು ಎರಡು.

ಮತ್ತೊಂದು ಹೇಳಿದಳು. ಮ್ಯಾಚಿನ ನಡುನಡುವೆ ಒಂದು ಗಾಡಿ ಬಂದು ಐಸಿನ ಮೇಲೆ ಬಿಸಿನೀರು ಸುರಿದು ನುಣ್ಣಗೆ ಮಾಡುತ್ತದಂತೆ. “ಅತ್ತಿ, ಅಷ್ಟೂ ನೀರ. ಮೊದಲನೇ ದಿನ ಕಾಲ ಇಡಾಕ ಮನಸ ಆಗಲಿಲ್ಲ ನನಗ.” ಇಲ್ಲಿ ಅಕ್ಕಿ ತೊಳೆದ ನೀರಲ್ಲಿ ಪಾತ್ರೆ, ಪಾತ್ರೆ ತೊಳೆದ ನೀರು ಗಿಡಕ್ಕೆ, ಅಲ್ಲಿ ಊರಿಗಾಗುವಷ್ಟು ನೀರನ್ನು ಗಡ್ಡೆ ಕಟ್ಟಿಸಿ ಮೇಲೆ ಜಾರುತ್ತಾರೆ.

ಅವಳ ಅಳು ನಿಲ್ಲಲಿಲ್ಲ. ನನಗೂ ಡ್ಯೂಟಿಗೆ ಹೊತ್ತಾಗಿತ್ತು. ಸಿಟ್ಟಿನಲ್ಲಿ ಬಾಯಿಗೆ ಬಂದದ್ದು ಅಂದೆ — “ಓಡಾಕ ಬರಂಗಿಲ್ಲ ಅಂತ ಯಾಕ ಅಳ್ತಿ? ನಿಂದರಾಕ ಬರ್ತದಲ್ಲ. ನಿಂದರು. ಮರಿಯಮಬೀ ಮುಂದ ನಿಂತಿದ್ದಿಲ್ಲ, ಹಂಗ.” ಫೋನ್ ಇಟ್ಟೆ. ಆಮೇಲೆ ಯಾಕೆ ಹಾಗೆ ಅಂದೆನೋ ಎಂದು ಇಡೀ ದಿನ ಸಂಕಟ.

ಏಪ್ರಿಲ್ 23, ಮಂಗಳವಾರ

ಓಟಿಂಗ್. ಹೊರಗೆ ದುಡಿಯಲು ಹೋದವರೆಲ್ಲ ಓಟು ಹಾಕಲು ಊರಿಗೆ ಬಂದಿದ್ದಾರೆ. ಪಂಢರಿಯೂ ಎಕಂಬಾದಲ್ಲಿ ಓಟು ಹಾಕಿ, ಔರಾದಿನಿಂದ ಬಸ್ಸು ಹಿಡಿದು ಸಂಜೆ ಇಲ್ಲಿಗೆ ಬಂದ. ಸೊರಗಿದ್ದಾನೆ. ಅಂಗೈ ಸಿಮೆಂಟಿಗೆ ಒಡೆದಿದೆ, ವ್ಯಾಸಲೀನ್ ಕೊಟ್ಟೆ.

ಬೆಳಿಗ್ಗೆ ಬೂತಿನ ಸಾಲಿನಲ್ಲಿ ನನ್ನ ಮುಂದೆಯೇ ಮರಿಯಮಬೀ. ಬಿಸಿಲು ನೆತ್ತಿ ಸುಡುತ್ತಿತ್ತು, ಸಾಲು ಮುಂದೆ ಸರಿಯುತ್ತಿರಲಿಲ್ಲ. ನಾನು ಮುಗಿಲು ನೋಡುತ್ತ ನಿಂತೆ. ಅವಳೇ ತಿರುಗಿ ಮೊಬೈಲ್ ಮುಂದೆ ಹಿಡಿದಳು. ಫೋಟೋ. ನೀಲಿ ಜೆರ್ಸಿ, ದೊಡ್ಡ ಹೆಲ್ಮೆಟ್, ಬೆಂಚಿನ ತುದಿಯಲ್ಲಿ ಮುಖ ಚಿಕ್ಕದು ಮಾಡಿಕೊಂಡು ಕೂತ ನಮ್ಮ ಜಿಜಾ.

ಮರಿಯಮಬೀಯ ಮಗ ಮಕ್ಬೂಲ ಅಬುಧಾಬಿಯಲ್ಲಿ ಡ್ರೈವರ್. ಇದು ನನಗೂ ಗೊತ್ತಿದ್ದದ್ದೇ, ಜಗಳದ ಭರದಲ್ಲಿ ಹೊಳೆದಿರಲಿಲ್ಲ. ಇವಳೇ ಅವನಿಗೆ ಹೇಳಿ ಎರಡೂ ಮ್ಯಾಚಿಗೆ ಕಳಿಸಿದ್ದಾಳೆ. ಮಾತಾಡದ ನೆರೆಮನೆಯವರ ಹುಡುಗಿಗೆ. ಯಾಕೆ ಎಂದೆ.

“ಝಗಡಾ ನಂದು ನಿಂದು, ಸಿಸ್ಟರ್. ಪೋರಿ ಗಲ್ಲೀದು.”

ಗುರುವಾರ ಮೂರನೇ ಸ್ಥಾನದ ಮ್ಯಾಚು, ಮಕ್ಬೂಲನಿಗೆ ರಜೆ ಇದೆ, ವಿಡಿಯೋ ಕಾಲ್ ಹಚ್ಚುತ್ತಾನೆ, ಬಾ ಅಂದಳು. ಬರುತ್ತೇನೆ ಅಂದೆ. ಆಮೇಲೆ ಇಬ್ಬರೂ ಬೆರಳಿನ ಶಾಯಿ ಒಣಗುವವರೆಗೂ ಬೇವಿನ ನೆರಳಲ್ಲಿ ನಿಂತು ಟ್ಯಾಂಕರಿನವನಿಗೆ ಬೈದೆವು. ಹಾಯೆನಿಸಿತು.

ಏಪ್ರಿಲ್ 24

ಜಿಜಾ ಫೋನ್. ದನಿಯೇ ಬೇರೆ. ಇವತ್ತು ಪ್ರಾಕ್ಟೀಸಿನಲ್ಲಿ ತಾನಾಗಿಯೇ ಹೋಗಿ ಗೋಲಿನ ಮುಂದೆ ನಿಂತಳಂತೆ, ಗೋಲ್‌ಕೀಪರಿಗೆ ಬೆನ್ನು ಮಾಡಿ. ಕೀಪರಿಗೆ ಏನೂ ಕಾಣುವುದಿಲ್ಲ, ಅಷ್ಟರಲ್ಲಿ ದೂರದಿಂದ ಇವಳ ಟೀಮಿನವರು ಹೊಡೆಯಬೇಕು. ಸರಿಸಲು ಒಬ್ಬಳು ಬಂದಳು, ಇಬ್ಬರು ಬಂದರು. ಆಗಲಿಲ್ಲ. ಕೋಚ್ ಸೀಟಿ ಊದಿ, ಎಲ್ಲಿ ಕಲಿತೆ ಎಂದು ಕೇಳಿದರಂತೆ. ಟ್ಯಾಂಕರ್ ಸಾಲಿನಲ್ಲಿ ಎಂದಳಂತೆ. ಎಲ್ಲರೂ ನಕ್ಕರಂತೆ.

ಆಡಿಸುತ್ತಾರಾ ಎಂದೆ. ಗೊತ್ತಿಲ್ಲ ಅತ್ತಿ ಎಂದಳು. ಪಂಢರಿ ಪಕ್ಕದಲ್ಲೇ ಕೂತಿದ್ದ. ಫೋನ್ ಕೊಟ್ಟರೆ ತೆಗೆದುಕೊಳ್ಳಲಿಲ್ಲ. ಅವಳ ದನಿ ಕೇಳಿದರೆ ಮನಸ್ಸು ಮೆತ್ತಗಾಗುತ್ತದೆ ಅವನಿಗೆ, ನನಗೆ ಗೊತ್ತು.

ಏಪ್ರಿಲ್ 25, ಗುರುವಾರ

ಬರೆದೇ ತೀರಬೇಕು.

ಸಂಜೆ ಮರಿಯಮಬೀ ಮನೆಯ ಪಡಸಾಲೆ. ಮೊಬೈಲನ್ನು ತಾಮ್ರದ ಕೊಡಕ್ಕೆ ಆನಿಸಿ ಇಟ್ಟಿದ್ದಳು. ಅದೇ ಕೊಡ. ತಗ್ಗಿನಲ್ಲಿ ಮೊಬೈಲ್ ಸರಿಯಾಗಿ ಕೂತಿತ್ತು. ಪಂಢರಿ ಒಳಗೆ ಬರಲೊಲ್ಲ, ಹೊಸ್ತಿಲ ಹತ್ತಿರ ಹೆಗಲ ಟವೆಲ್ ಹಿಡಿದುಕೊಂಡು ಕೂತ.

ಚಿತ್ರ ಒಮ್ಮೆ ನಿಲ್ಲುತ್ತದೆ, ಒಮ್ಮೆ ಓಡುತ್ತದೆ. ಮಕ್ಬೂಲ ಜಾಕೆಟ್ ಹಾಕಿಕೊಂಡು ಚಳಿಗೆ ಹಲ್ಲು ಕಡಿಯುತ್ತ ದಖನಿ ಉರ್ದುವಿನಲ್ಲಿ ಕಾಮೆಂಟ್ರಿ. ಮಲೇಷ್ಯಾದವರು ಹಳದಿ. ಅವರು ಒಂದು, ನಾವು ಒಂದು. ಅವರು ಎರಡು… ನಾವು ಎರಡು. ಆ ಕಪ್ಪು ರಬ್ಬರ್ ಬಿಲ್ಲೆ ನನ್ನ ಕಣ್ಣಿಗೆ ಬೀಳಲೇ ಇಲ್ಲ, ಎಲ್ಲರೂ ಕೂಗಿದರೆ ನಾನೂ ಕೂಗಿದೆ. ಮೂರನೇ, ಕೊನೆಯ ಭಾಗವೂ ಅರ್ಧ ಮುಗಿಯಿತು. ಜಿಜಾ ಬೆಂಚಿನ ಮೇಲೆ. ಪಂಢರಿ ಟವೆಲ್ ಕೊಡವಿ ಎದ್ದೇ ಬಿಟ್ಟ.

ಆಗ ಮಕ್ಬೂಲನ ಕೂಗು — ಅಮ್ಮೀ, ಅಪನಿ ಛೋರಿ.

ನಮ್ಮ ಹುಡುಗಿಯೇ, ಇಪ್ಪತ್ತನೇ ನಂಬರ್. ಉಳಿದವರು ಬಾಣದ ಹಾಗೆ ಹೋದರೆ ಇವಳು ಸಂತೆಗೆ ಹೊರಟವಳ ಹಾಗೆ. ನೆಟ್ಟಗೆ ಹೋಗಿ ಹಳದಿ ಗೋಲ್‌ಕೀಪರ್ ಮುಂದೆ ನಿಂತಳು. ಕಾಲು ಅಗಲ. ಸೊಂಟ ಬಿಗಿ. ಕೈಯಲ್ಲಿ ಕೊಡ ಒಂದಿಲ್ಲ, ಅಷ್ಟೇ. ಹಳದಿಯವಳೊಬ್ಬಳು ಬಂದು ಭುಜದಿಂದ ನೂಕಿದಳು. ಸರಿಯಲಿಲ್ಲ. ಇನ್ನೊಬ್ಬಳು ಕೋಲು ಅಡ್ಡ ಹಿಡಿದು ಬೆನ್ನಿಗೆ ಒತ್ತಿದಳು. ಸರಿಯಲಿಲ್ಲ. ಮರಿಯಮಬೀ ಎದ್ದು ನಿಂತು ಮೊಬೈಲಿನೊಳಗಿನ ಆ ಹುಡುಗಿಯರಿಗೇ ಹೇಳತೊಡಗಿದಳು.

“ಸುಮ್ಮ ಬಿಡ್ರೇ. ನಾ ನೂಕಿ ನೋಡೀನಿ. ಆ ಪೋರಿ ಸರಿಯಂಗಿಲ್ಲ.”

ಅಷ್ಟರಲ್ಲಿ ದೂರದಿಂದ ಒಂದು ಹೊಡೆತ. ಗೋಲಿನ ಹಿಂದೆ ಕೆಂಪು ದೀಪ. ಆಮೇಲೆ ಕಂಡದ್ದು ಬರೀ ಛಾವಣಿ, ಮಕ್ಬೂಲ ಕುಣಿಯುತ್ತಿದ್ದ. ಮೂರು-ಎರಡು.

ಮೈಕಿನಲ್ಲಿ ಲಡಾಖಿನ ಹುಡುಗಿ ಡೋಲ್ಮಾಳ ಹೆಸರು ಹೇಳಿದರು, ಹೊಡೆದವಳು ಅವಳು. ನನಗೆ ರೇಗಿತು. ಅಷ್ಟು ಗುದ್ದು ತಿಂದು ನಿಂತವಳಿಗೆ ಹೆಸರಿಲ್ಲವೇ? ಮರಿಯಮಬೀಯೂ ನನ್ನ ಜೊತೆ ಬೈದಳು. ಪಂಢರಿ ಮಾತ್ರ ಮೆಲ್ಲಗೆ, ಆಡಿದಳಲ್ಲ, ಸಾಕು ಎಂದ.

ಸ್ವಲ್ಪ ಹೊತ್ತಿಗೆ ಮೈಕ್ ಮತ್ತೆ ಗೊರಗುಟ್ಟಿತು. ಗೋಲು ಹೊಡೆದವರ ಹೆಸರು ಬದಲಾಗಿದೆ. ವಿಡಿಯೋ ನೋಡಿದ್ದಾರೆ. ಬಿಲ್ಲೆ ಇಪ್ಪತ್ತನೇ ನಂಬರಿನವಳ ಸೊಂಟಕ್ಕೆ ತಾಗಿ ಒಳಗೆ ಹೋಗಿದೆ. ಕೊನೆಗೆ ಯಾರಿಗೆ ತಾಗಿತೋ ಗೋಲು ಅವರದಂತೆ. ಆಮೇಲೆ ಹೆಸರು, ಬಿಡಿಸಿ ಬಿಡಿಸಿ — ಜಿಜಾಬಾಯಿ ಪಂಢರಿ.

ಅಣ್ಣ ಬಾಗಿಲ ಚೌಕಟ್ಟು ಹಿಡಿದುಕೊಂಡ. “ನನ್ನ ಹೆಸರ ಹೇಳಿದರ?” ಎಂದು ನನ್ನನ್ನು ಕೇಳಿದ. ಹೌದೋ ಅಣ್ಣಾ, ನಿನ್ನದೇ ಎಂದೆ. ಟವೆಲಿನಿಂದ ಮುಖ ಮುಚ್ಚಿಕೊಂಡ. ಪುಣೆಯಲ್ಲಿ ಯಾರೂ ಅವನನ್ನು ಹೆಸರು ಹಿಡಿದು ಕರೆಯುವುದಿಲ್ಲ, ಬೀದರ್‌ವಾಲಾ ಅನ್ನುತ್ತಾರೆ. ಮರಿಯಮಬೀ ಓಡಿಹೋಗಿ ಚೊಂಬು ತುಂಬ ನೀರು ತಂದು ಕೈಗಿಟ್ಟಳು. ಈ ಏಪ್ರಿಲ್‌ನಲ್ಲಿ, ತುಂಬಿದ ಚೊಂಬು. ನಾನೂ ಅತ್ತೆ, ಅವಳೂ ಅತ್ತಳು, ಕೊನೆಯ ನಿಮಿಷಗಳನ್ನು ಯಾರೂ ನೆಟ್ಟಗೆ ನೋಡಲಿಲ್ಲ. ಸೀಟಿ ಕೇಳಿಸಿತು. ಗೆದ್ದೆವು. ಏಷ್ಯಾಕ್ಕೆ ಮೂರನೆಯವರು.

ಏಪ್ರಿಲ್ 26

ಪಂಢರಿಯನ್ನು ರೈಲಿಗೆ ಬಿಡಲು ಭಾಲ್ಕಿಯವರೆಗೆ ಹೋಗಿ ಬಂದೆ. ಸ್ಟೇಷನ್ ತುಂಬ ಗಂಟುಮೂಟೆ, ಓಟು ಹಾಕಿ ವಾಪಸ್ ಹೊರಟ ಜನ. ಅಣ್ಣ ಎದುರಿಗೆ ಬಂದವರಿಗೆಲ್ಲ ಹೇಳಿದ್ದೇ ಹೇಳಿದ್ದು. ಔರಾದಿನವರೊಬ್ಬರು ಐಸ್ ಹಾಕಿ ಎಂದರೇನು ಎಂದು ಕೇಳಿದರೆ ಪ್ಲಾಟ್‌ಫಾರ್ಮಿನ ಮೇಲೆ ಕಾಲು ಅಗಲಿಸಿ ನಿಂತು ತೋರಿಸಿದ.

ರೈಲು ಬಂದಾಗ ಅಂದ — “ಪುಣೆ ಮಾತ ಬಿಡು ಕೌಸಲ್ಯಾ. ಸಣ್ಣವನ್ನ ಹ್ಯಾಂಗರ ನೋಡ್ಕೋತೀವಿ. ಅಕಿ ನಿಂತ ಜಾಗದಾಗ ನಿಂದರಲಿ.”

ಬಸ್ಸಿನಲ್ಲಿ ದಾರಿಯುದ್ದಕ್ಕೂ ಒಬ್ಬಳೇ ನಗುತ್ತಿದ್ದೆ. ಪಕ್ಕದವಳು ದೂರ ಸರಿದು ಕೂತಳು.

ಏಪ್ರಿಲ್ 29, ಸೋಮವಾರ, ಬೆಳಿಗ್ಗೆ

ನಿನ್ನೆ ಬಂದಳು. ಮೊದಲು ನನ್ನ ಮನೆಗಲ್ಲ, ಮರಿಯಮಬೀ ಮನೆಗೆ. ಮೆಡಲ್ ಅವಳ ಕೊರಳಿಗೆ ಹಾಕಿದ್ದಾಳೆ. ಆ ಹೆಂಗಸು ಅದನ್ನು ಹಾಕಿಕೊಂಡೇ ಗಲ್ಲಿ ಸುತ್ತಿ ಬಂದಳು. ಹೊಟ್ಟೆಕಿಚ್ಚಾಯಿತು, ನಿಜ ಹೇಳುತ್ತೇನೆ.

ಸೊಂಟದ ಎಡಕ್ಕೆ ನೀಲಿಗಟ್ಟಿದೆ. ಸರಿಯಾಗಿ ಕೊಡ ಇಡುವ ಕಡೆ. ಮುಲಾಮು ಹಚ್ಚಿದೆ. ವಾರ ಪೂರ್ತಿ ಕೊಡ ಮುಟ್ಟಬೇಡ, ನೀರಿಗೆ ನಾನು ಹೋಗುತ್ತೇನೆ ಎಂದೆ. ಹೂಂ ಅಂದಳು.

ಹಾರನ್. ಹೂಂ ಅಂದವಳು ಮನೆಯಲ್ಲಿಲ್ಲ. ಹೊರಗೆ ಮರಿಯಮಬೀ ದನಿ, ಇಡೀ ಸಾಲಿಗೆ — “ಯಾರೂ ಧಕ್ಕಾ ಮಾರಬ್ಯಾಡ್ರಿ, ಇಲ್ಲಿ ಇಂಡಿಯಾ ನಿಂತದ. ಸಿಸ್ಟರ್, ನಿಂದೂ ಜಾಗ ಹಿಡದೀನಿ, ಲಗೂನ ಬಾ.”

ಬಂದೆ ಎಂದೆ. ಕೊಡ ಎಲ್ಲಿ ಇಟ್ಟಳೋ ಇವಳು, ಒಂದೂ ಕೈಗೆ ಸಿಗುತ್ತಿಲ್ಲ.